ಯು-ಬೂಟ್‌ನ ಹಳೇ ಡಾಕ್ ಪಾತ್‌ಗಳ ರಿಪೇರಿ

ಬೋರ್ಡ್ ಆನ್ ಆದಾಗ ಕರ್ನಲನ್ನು ಲೋಡ್ ಮಾಡಿ ಎಬ್ಬಿಸುವ ಬೂಟ್‌ಲೋಡರ್ ಯು-ಬೂಟ್. ಅದರ ಸೋರ್ಸ್ ಓದುತ್ತಾ ಹೋದರೆ ‘ಹೆಚ್ಚಿನ ವಿವರಕ್ಕೆ ಈ ಫೈಲ್ ನೋಡಿ’ ಅನ್ನುವ ಕಾಮೆಂಟ್ ಪದೇ ಪದೇ ಸಿಗುತ್ತದೆ. ತೆರೆಯಲು ಹೋದರೆ ಎಷ್ಟೋ ಸಲ ಆ ಫೈಲ್ ಅಲ್ಲಿ ಇರುವುದಿಲ್ಲ. ಅಳಿಸಿ ಹೋಗಿದೆ ಅಂತಲ್ಲ. ಬೇರೆ ಹೆಸರಲ್ಲಿ, ಬೇರೆ ಫೋಲ್ಡರ್‌ನಲ್ಲಿ ಇರುತ್ತದೆ. ಕಾಮೆಂಟ್ ಮಾತ್ರ ಹಳೇ ಜಾಗವನ್ನೇ, ಅಂದರೆ ಹಳೇ ಪಾತನ್ನೇ, ತೋರಿಸುತ್ತಿರುತ್ತದೆ. ಒಂದು ಬೋರ್ಡ್‌ಗಾಗಿ ನಾನು ನೋಡಿಕೊಳ್ಳುವ ಯು-ಬೂಟ್ ಬ್ರಾಂಚ್‌ನಲ್ಲಿ ಇಂಥವು ಜಾಸ್ತಿಯೇ ಸೇರಿಕೊಂಡಿದ್ದವು. ಕೆಲವು ಮೂಲ ಪ್ರಾಜೆಕ್ಟ್‌ನಿಂದಲೇ ಬಂದವು, ಉಳಿದವು ಬೋರ್ಡ್ ಕಿಟ್ ಜೊತೆ ಬಂದ ಹಳೇ ಪ್ಯಾಚ್‌ಗಳಿಂದ ಬಂದವು. ಒಂದೊಂದನ್ನೇ ಹುಡುಕಿ ಸರಿ ಮಾಡಿದ್ದು ಹೇಗೆ ಅಂತ ಇಲ್ಲಿ ಬರೆದಿಟ್ಟಿದ್ದೇನೆ.

ಕೆಲಸ ಸಣ್ಣದು ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಬೂಟ್‌ಲೋಡರ್ ಸೋರ್ಸ್ ತೆರೆಯುವವರು ಸಾಮಾನ್ಯವಾಗಿ ಮುಂದೆ ಒಂದು ಬೋರ್ಡ್, ಒಂದು ಸೀರಿಯಲ್ ಕೇಬಲ್ ಇಟ್ಟುಕೊಂಡಿರುತ್ತಾರೆ. ಕರ್ನಲ್ ಇನ್ನೂ ಎದ್ದಿರುವುದಿಲ್ಲ. ಲಾಗ್ ಫೈಲ್ ಬರೆಯಲು ಫೈಲ್ ಸಿಸ್ಟಮ್ಮೇ ಸಿಕ್ಕಿರುವುದಿಲ್ಲ. ಅಂಥ ಹೊತ್ತಲ್ಲಿ ಕೋಡ್ ಪಕ್ಕದ ಕಾಮೆಂಟ್ ಬಿಟ್ಟರೆ ಕೇಳುವುದಕ್ಕೆ ಬೇರೆ ಯಾರೂ ಇಲ್ಲ. ಅದು ಹೇಳಿದ ಜಾಗಕ್ಕೆ ಹೋದರೆ ಉತ್ತರ ಸಿಗಲೇಬೇಕು.

ಪಾತ್‌ಗಳು ಹಳೆಯದಾದದ್ದು ಹೇಗೆ

ವೋಲ್ಫ್‌ಗಾಂಗ್ ಡೆಂಕ್ ಅವರ ಪಿಪಿಸಿಬೂಟ್ ಮೊದಲು ಪವರ್‌ಪಿಸಿ ಬೋರ್ಡ್‌ಗಳಿಗೆ ಅಂತಲೇ ಇತ್ತು. 2002ರಲ್ಲಿ ಅದು ಯು-ಬೂಟ್ ಆಯಿತು. ಆಮೇಲೆ ಬಹಳ ವರ್ಷ ಡಾಕ್ಯುಮೆಂಟೇಶನ್ ಅಂದರೆ ಡಾಕ್ ಫೋಲ್ಡರ್‌ನಲ್ಲಿ ಸಾಲಾಗಿ ಇಟ್ಟ ರೀಡ್‌ಮಿ ಫೈಲ್‌ಗಳು. ಲಾಗ್ ಬಗ್ಗೆ ಬೇಕಾ, ‘ರೀಡ್‌ಮಿ.ಲಾಗ್’. ಕಮಾಂಡ್ ಬರೆಯುವುದು ಹೇಗೆ ಅಂತ ಬೇಕಾ, ‘ರೀಡ್‌ಮಿ.ಕಮಾಂಡ್ಸ್’. ಹುಡುಕುವುದು ಸುಲಭವಿತ್ತು. ಹಾಗಾಗಿ ಎಲ್ಲರೂ ಕೋಡ್‌ನಲ್ಲಿ ಈ ಹೆಸರುಗಳನ್ನು ನೇರವಾಗಿ ಬರೆದರು.

ನಂತರ ಬರಹಗಳಿಂದ ವೆಬ್ ಪುಟ ತಯಾರಿಸುವ ಸ್ಫಿಂಕ್ಸ್ ಬಂತು. ಲಿನಕ್ಸ್ ಕರ್ನಲ್‌ನ ಹಾಗೆ ಇಲ್ಲೂ ಡಾಕ್ಯುಮೆಂಟ್‌ಗಳನ್ನು ಆರ್‌ಎಸ್‌ಟಿ (ಸ್ಫಿಂಕ್ಸ್ ಓದುವ ಸರಳ ಪಠ್ಯ) ರೂಪಕ್ಕೆ ತರುವ ಕೆಲಸ ಶುರುವಾಯಿತು. 2019ರಲ್ಲಿ ಡ್ರೈವರ್ ಮಾಡೆಲ್ ಪುಟಗಳು ಬದಲಾದವು. ‘ಡಾಕ್/ಡ್ರೈವರ್-ಮಾಡೆಲ್’ ಒಳಗಿನ ರೀಡ್‌ಮಿ ‘ಡಿಸೈನ್.ಆರ್‌ಎಸ್‌ಟಿ’ ಆಯಿತು. ಆಮೇಲೆ ಆ ಇಡೀ ಫೋಲ್ಡರ್ ‘ಡಾಕ್/ಡೆವಲಪ್’ ಒಳಗೆ ಹೋಯಿತು. ಅಂದರೆ ಒಂದೇ ಬರಹಕ್ಕೆ ಮೂರು ಪಾತ್. ‘ರೀಡ್‌ಮಿ.ಲಾಗ್’ ಈಗ ‘ಡಾಕ್/ಡೆವಲಪ್/ಲಾಗಿಂಗ್.ಆರ್‌ಎಸ್‌ಟಿ’. ‘ರೀಡ್‌ಮಿ.ಎಫ್‌ಡಿಟಿ-ಕಂಟ್ರೋಲ್’ ಈಗ ‘ಡಾಕ್/ಡೆವಲಪ್/ಡಿವೈಸ್‌ಟ್ರೀ/ಕಂಟ್ರೋಲ್.ಆರ್‌ಎಸ್‌ಟಿ’. ಫಿಟ್ ಇಮೇಜ್‌ಗೆ (ಕರ್ನಲ್, ಹಾರ್ಡ್‌ವೇರ್ ವಿವರಿಸುವ ಡಿವೈಸ್ ಟ್ರೀ ಮುಂತಾದವನ್ನು ಒಟ್ಟಿಗೆ ಕಟ್ಟಿದ ಒಂದು ಫೈಲ್) ಸೇರಿದ ಇಡೀ ಫೋಲ್ಡರ್ 2023ರಲ್ಲಿ ‘ಡಾಕ್/ಯೂಸೇಜ್/ಫಿಟ್’ಗೆ ಹೋಯಿತು.

ಈ ಬದಲಾವಣೆ ಆಗಲೇಬೇಕಿತ್ತು. ಈಗ ಅದೇ ಬರಹವನ್ನು ಬ್ರೌಸರ್‌ನಲ್ಲಿ ಚೆನ್ನಾಗಿ ಓದಬಹುದು, ಒಂದು ಪುಟದಿಂದ ಇನ್ನೊಂದಕ್ಕೆ ಹೋಗಬಹುದು. ತೊಂದರೆ ಇರುವುದು ಬೇರೆ ಕಡೆ. ಆರ್‌ಎಸ್‌ಟಿ ಒಳಗಿನ ಲಿಂಕ್ ಮುರಿದರೆ ಸ್ಫಿಂಕ್ಸ್ ತಕ್ಷಣ ಎಚ್ಚರಿಸುತ್ತದೆ. ಸಿ ಫೈಲ್‌ನ ಕಾಮೆಂಟ್‌ನಲ್ಲಿ, ಕೆಕಾನ್ಫಿಗ್ (ಬಿಲ್ಡ್ ಆಯ್ಕೆಗಳ ಪಟ್ಟಿ) ಸಹಾಯ ಪಠ್ಯದಲ್ಲಿ, ಡಿಫ್‌ಕಾನ್ಫಿಗ್ (ಒಂದು ಬೋರ್ಡ್‌ನ ಸಿದ್ಧ ಆಯ್ಕೆಗಳ ಫೈಲ್) ಪಕ್ಕದ ಟಿಪ್ಪಣಿಯಲ್ಲಿ ಇರುವ ಪಾತ್ ಮುರಿದರೆ ಯಾರೂ ಎಚ್ಚರಿಸುವುದಿಲ್ಲ. ಕಂಪೈಲರ್‌ಗೆ ಅದು ಬರೀ ಅಕ್ಷರ.

ಹುಡುಕುವುದು

ಲಿನಕ್ಸ್ ಕರ್ನಲ್‌ನಲ್ಲಿ ಇದಕ್ಕೇ ಅಂತ ಒಂದು ಪರ್ಲ್ ಸ್ಕ್ರಿಪ್ಟ್ ಇದೆ. ‘ಮೇಕ್ ರೆಫ್‌ಚೆಕ್‌ಡಾಕ್ಸ್’ ಕೊಟ್ಟರೆ ಅದು ಓಡಿ, ‘ಡಾಕ್ಯುಮೆಂಟೇಶನ್/’ ಅಂತ ಶುರುವಾಗುವ ಪಾತ್‌ಗಳೆಲ್ಲ ಇವೆಯಾ ಅಂತ ನೋಡುತ್ತದೆ. ಯು-ಬೂಟ್‌ನಲ್ಲಿ ಪಾತ್ ಶುರುವಾಗುವುದು ‘ಡಾಕ್/’ ಅಂತ. ಅದಕ್ಕೆ ಹೊಂದುವ ಹಾಗೆ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಬರೆದುಕೊಂಡೆ. ಗಿಟ್ ಗ್ರೆಪ್ ಎಲ್ಲ ಪಾತ್‌ಗಳನ್ನು ಸಾಲು ಸಂಖ್ಯೆ ಸಮೇತ ಕೊಡುತ್ತದೆ. ಸ್ಕ್ರಿಪ್ಟ್ ಒಂದೊಂದನ್ನೂ ತೆಗೆದುಕೊಂಡು ಆ ಫೈಲ್ ನಿಜವಾಗಿ ಇದೆಯಾ ಅಂತ ನೋಡುತ್ತದೆ. ಇಲ್ಲದಿದ್ದರೆ ಪಟ್ಟಿಗೆ ಹಾಕುತ್ತದೆ. ಅಷ್ಟೇ.

ಮೊದಲ ಪಟ್ಟಿ ಉದ್ದ ಬರುತ್ತದೆ. ಜರಡಿ ಹಿಡಿಯಬೇಕು. ವಾಕ್ಯದ ಕೊನೆಯಲ್ಲಿ ಪಾತ್ ಬಂದರೆ ಫುಲ್ ಸ್ಟಾಪ್ ಅದಕ್ಕೆ ಅಂಟಿಕೊಂಡಿರುತ್ತದೆ, ಅದನ್ನು ಕತ್ತರಿಸಬೇಕು. ಕೆಲವರು ‘ಡಾಕ್/ರೀಡ್‌ಮಿ’ ಮುಂದೆ ನಕ್ಷತ್ರ ಚಿಹ್ನೆ ಹಾಕಿ ಎಲ್ಲವನ್ನೂ ಒಟ್ಟಿಗೆ ಹೇಳಿರುತ್ತಾರೆ. ಕೆಲವು ಕಡೆ ‘ಇಲ್ಲಿ ನಿಮ್ಮ ಕಂಪನಿ ಹೆಸರು ಹಾಕಿ’ ಅನ್ನುವ ಥರದ ಖಾಲಿ ಜಾಗ ಇರುತ್ತದೆ. ವೆಬ್ ವಿಳಾಸದ ಮಧ್ಯದಲ್ಲೂ ‘ಡಾಕ್/’ ಬರುತ್ತದೆ. ಇವೆಲ್ಲ ತೆಗೆದ ಮೇಲೆ ಉಳಿಯುವುದೇ ನಿಜವಾದ ಕೆಲಸ.

ಫೋಲ್ಡರ್ ಹೆಸರಿಲ್ಲದೆ ಸುಮ್ನೆ ‘ರೀಡ್‌ಮಿ.ಎಫ್‌ಡಿಟಿ-ಕಂಟ್ರೋಲ್ ನೋಡಿ’ ಅಂತ ಬರೆದವೂ ಇರುತ್ತವೆ. ಅವು ಈ ಬಲೆಗೆ ಬೀಳುವುದಿಲ್ಲ. ‘ರೀಡ್‌ಮಿ’ ಮುಂದೆ ಚುಕ್ಕಿ ಇರುವ ಪದಗಳಿಗೆ ಇನ್ನೊಂದು ಹುಡುಕಾಟ ಬೇಕು.

ಸ್ಕ್ರಿಪ್ಟ್‌ಗೆ ಎಂದೂ ಸಿಗದ ಒಂದು ಬಗೆಯೂ ಇದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ತೊಂದರೆ ಕೊಡುವುದು ಅದೇ. ಫೈಲ್ ಇರುತ್ತದೆ, ಒಳಗೆ ವಿಷಯ ಇರುವುದಿಲ್ಲ. ಯು-ಬೂಟ್‌ನ ಮೇಲಿನ ಹಂತದಲ್ಲಿ ಒಂದು ದೊಡ್ಡ ರೀಡ್‌ಮಿ ಇದೆ. ಒಂದು ಕಾಲಕ್ಕೆ ಎಲ್ಲವೂ ಅದರಲ್ಲೇ ಇತ್ತು. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ವಿವರವೂ ಅಲ್ಲೇ ಇತ್ತು. ಈಗ ಅದು ‘ಡಾಕ್/ಯೂಸೇಜ್/ಎನ್ವಿರಾನ್‌ಮೆಂಟ್.ಆರ್‌ಎಸ್‌ಟಿ’ಯಲ್ಲಿದೆ. ಆದರೆ ‘ರೀಡ್‌ಮಿ ನೋಡಿ’ ಅಂತ ಬರೆದ ಕಾಮೆಂಟ್‌ಗೆ ಯಾವ ಸ್ಕ್ರಿಪ್ಟೂ ತಪ್ಪು ಹೇಳುವುದಿಲ್ಲ, ಫೈಲ್ ಇದೆಯಲ್ವಾ! ಓದುವವರು ಆ ಉದ್ದದ ಫೈಲನ್ನು ಮೇಲಿಂದ ಕೆಳಗೆ ಹುಡುಕಿ ಬರಿಗೈಲಿ ವಾಪಸ್ ಬರುತ್ತಾರೆ. ಇವನ್ನು ಕೈಯಲ್ಲೇ ನೋಡಬೇಕಾಯಿತು. ಪ್ರತಿ ‘ರೀಡ್‌ಮಿ ನೋಡಿ’ ಎದುರು ಯಾವ ವಿಷಯದ ಬಗ್ಗೆ ಮಾತು ಅಂತ ಬರೆದುಕೊಂಡು, ಆ ವಿಷಯ ಈಗ ಎಲ್ಲಿದೆ ಅಂತ ಪತ್ತೆ ಮಾಡಿದೆ.

ಹೊಸ ಜಾಗ ಪತ್ತೆ ಮಾಡುವುದು

ಹೆಸರು ನೋಡಿ ಊಹಿಸುವುದು ಬೇಡ. ಗಿಟ್‌ನಲ್ಲಿ ಇತಿಹಾಸ ಪೂರ್ತಿ ಇದೆ, ಅದನ್ನೇ ಕೇಳಬೇಕು. ಮೊದಲು ಹಳೇ ಪಾತ್ ಕೊಟ್ಟು, ಅದು ಡಿಲೀಟ್ ಆದ ಕಮಿಟ್ ಯಾವುದು ಅಂತ ಗಿಟ್ ಲಾಗ್‌ಗೆ ಕೇಳಿದೆ. ಪಾತ್ ಒಂದನ್ನೇ ಕೊಟ್ಟಾಗ ಹೆಸರು ಬದಲಾದದ್ದೂ ಡಿಲೀಟ್ ಅಂತಲೇ ಕಾಣುತ್ತದೆ. ಆಮೇಲೆ ಆ ಕಮಿಟನ್ನು ಪೂರ್ತಿ ತೆರೆದರೆ ಫೈಲ್ ಎಲ್ಲಿಗೆ ಹೋಯಿತು ಅಂತ ಗೊತ್ತಾಗುತ್ತದೆ.

ಇಲ್ಲೊಂದು ವಿಷಯ ಗೊತ್ತಿರಬೇಕು. ಗಿಟ್ ಹೆಸರು ಬದಲಾವಣೆಯನ್ನು ಎಲ್ಲೂ ಬರೆದಿಡುವುದಿಲ್ಲ. ಎರಡು ಫೈಲ್‌ಗಳು ಎಷ್ಟು ಹೋಲುತ್ತವೆ ಅಂತ ಆಗಿಂದಾಗ್ಗೆ ಲೆಕ್ಕ ಹಾಕಿ ಹೇಳುತ್ತದೆ. ಸಾಮಾನ್ಯವಾಗಿ 50% ಹೋಲಿಕೆ ಬೇಕು. ರೀಡ್‌ಮಿಯನ್ನು ಆರ್‌ಎಸ್‌ಟಿ ಮಾಡುವಾಗ ಶೀರ್ಷಿಕೆಗಳ ಕೆಳಗೆ ಗೆರೆ ಬರುತ್ತದೆ, ಕೋಡ್ ತುಣುಕುಗಳೆಲ್ಲ ಒಳಗೆ ಸರಿಯುತ್ತವೆ, ಪಟ್ಟಿಗಳ ರೂಪ ಬದಲಾಗುತ್ತದೆ. ಅರ್ಥ ಒಂದೇ ಇದ್ದರೂ ಸಾಲುಗಳು ಬೇರೆ. ಹೋಲಿಕೆ 50ರ ಕೆಳಗೆ ಇಳಿದುಬಿಡುತ್ತದೆ. ಆಗ ಗಿಟ್ ಅದನ್ನು ‘ಒಂದು ಫೈಲ್ ಹೋಯಿತು, ಬೇರೊಂದು ಬಂತು’ ಅಂತ ತೋರಿಸುತ್ತದೆ, ಫೈಲ್‌ನ ಹಿಂದಿನ ಹೆಸರನ್ನು ಹಿಂಬಾಲಿಸುವ ಫಾಲೋ ಆಯ್ಕೆಯೂ ಅಲ್ಲಿಗೇ ನಿಲ್ಲುತ್ತದೆ. ಹೋಲಿಕೆಯ ಮಿತಿಯನ್ನು 30%ಗೆ ಇಳಿಸಿ ಕೇಳಿದರೆ ಹೆಚ್ಚಿನವು ಸಿಗುತ್ತವೆ. ಅದರಲ್ಲೂ ಸಿಗದಿದ್ದರೆ ಹಳೇ ಫೈಲ್‌ನಿಂದ ಬೇರೆಲ್ಲೂ ಬರದಂಥ ಒಂದು ವಾಕ್ಯ ಆರಿಸಿ, ಆ ವಾಕ್ಯ ಯಾವ ಕಮಿಟ್‌ನಲ್ಲಿ ಬಂತು, ಯಾವುದರಲ್ಲಿ ಹೋಯಿತು ಅಂತ ಗಿಟ್ ಲಾಗ್‌ನ ಎಸ್ ಆಯ್ಕೆಯಲ್ಲಿ ಹುಡುಕಬೇಕು. ಒಂದು ಬರಹ ಎರಡು ಮೂರು ಪುಟಗಳಾಗಿ ಒಡೆದಿದ್ದಾಗ ನನಗೆ ಇದೊಂದೇ ಕೆಲಸಕ್ಕೆ ಬಂದದ್ದು.

ಸಿಕ್ಕ ಮೇಲೂ ಹೊಸ ಪುಟವನ್ನು ಓದಲೇಬೇಕು. ಕಾಮೆಂಟ್ ಯಾವ ಮಾತಿಗೆ ಆ ಪುಟವನ್ನು ತೋರಿಸುತ್ತಿತ್ತೋ ಆ ಮಾತು ಅಲ್ಲಿ ಇನ್ನೂ ಇದೆಯಾ? ಇಲ್ಲದಿದ್ದರೆ ಪಾತ್ ಬದಲಿಸಿ ಏನು ಪ್ರಯೋಜನ? ಸೆಡ್ ಹಾಕಿ ಒಂದೇ ಏಟಿಗೆ ಎಲ್ಲ ಬದಲಿಸುವವರನ್ನು ನೋಡಿದ್ದೇನೆ. ನಾನು ಅದಕ್ಕೆ ಒಪ್ಪುವುದಿಲ್ಲ.

ಲಿನಕ್ಸ್ ಕಡೆ ತೋರಿಸುವ ಒಂದು ಕಾಮೆಂಟ್

ಆರ್ಮ್ ವಿಭಾಗದ ಇಮೇಜ್ ಕೋಡ್‌ನಲ್ಲಿ, 64 ಬಿಟ್ ಲಿನಕ್ಸ್ ಇಮೇಜ್‌ನ ಹೆಡರ್ ವಿವರಿಸುವ ಸ್ಟ್ರಕ್ಟ್ ಮೇಲೆ ಒಂದು ಸಾಲಿತ್ತು: ಲಿನಕ್ಸ್ ಕರ್ನಲ್‌ನ ‘ಡಾಕ್ಯುಮೆಂಟೇಶನ್/ಆರ್ಮ್64/ಬೂಟಿಂಗ್.ಟಿಎಕ್ಸ್‌ಟಿ’ ನೋಡಿ. ಆ ಪಾತ್ ಲಿನಕ್ಸ್‌ನಲ್ಲಿ ಎರಡು ಸಲ ಬದಲಾಗಿದೆ. 2019ರಲ್ಲಿ ಟಿಎಕ್ಸ್‌ಟಿ ಹೋಗಿ ಆರ್‌ಎಸ್‌ಟಿ ಬಂತು. 2023ರಲ್ಲಿ ಆರ್ಕಿಟೆಕ್ಚರ್‌ಗಳ ಪುಟಗಳೆಲ್ಲ ‘ಆರ್ಚ್’ ಫೋಲ್ಡರ್ ಒಳಗೆ ಸೇರಿದವು. ಈಗ ಅದು ‘ಡಾಕ್ಯುಮೆಂಟೇಶನ್/ಆರ್ಚ್/ಆರ್ಮ್64/ಬೂಟಿಂಗ್.ಆರ್‌ಎಸ್‌ಟಿ’.

ಈ ಒಂದು ಸಾಲಿಗೆ ನಾನು ಜಾಸ್ತಿ ಹೊತ್ತು ಕೊಟ್ಟೆ. ಕೆಳಗಿನ ಕೋಡ್ ಆ ಪುಟವಿಲ್ಲದೆ ಅರ್ಥವೇ ಆಗುವುದಿಲ್ಲ. ಹೆಡರ್ 64 ಬೈಟ್ ಉದ್ದ. ಕೊನೆಯ ಹತ್ತಿರ, 56ನೇ ಬೈಟ್‌ನಿಂದ, ನಾಲ್ಕು ಬೈಟ್‌ನ ಮ್ಯಾಜಿಕ್ ನಂಬರ್: ಎ, ಆರ್, ಎಂ ಅನ್ನುವ ಮೂರು ಅಕ್ಷರ, ನಾಲ್ಕನೆಯದು ಹೆಕ್ಸ್ 64. ‘ಬೂಟ್‌ಐ’ ಕಮಾಂಡ್ ಮೊದಲು ನೋಡುವುದು ಇದನ್ನೇ. ಆಮೇಲೆ ಇಮೇಜ್ ಸೈಜ್. ಅದು ಸೊನ್ನೆ ಇದ್ದರೆ ಕೋಡ್ ತಾನೇ 16 ಎಂಬಿ ಅಂತ ಇಟ್ಟುಕೊಳ್ಳುತ್ತದೆ, ಟೆಕ್ಸ್ಟ್ ಆಫ್‌ಸೆಟ್ 512 ಕೆಬಿ ಅಂತ ಇಟ್ಟುಕೊಳ್ಳುತ್ತದೆ. ಯಾಕೆ? ಲಿನಕ್ಸ್ 3.17ಕ್ಕಿಂತ ಹಿಂದಿನ ಇಮೇಜ್‌ಗಳಲ್ಲಿ ಸೈಜ್ ಬರೆಯುತ್ತಿರಲಿಲ್ಲ. ಆಫ್‌ಸೆಟ್ ಯಾವ ಎಂಡಿಯನ್‌ನಲ್ಲಿದೆ (ಬೈಟ್‌ಗಳು ಯಾವ ಕ್ರಮದಲ್ಲಿವೆ) ಅನ್ನುವುದೂ ನಿಗದಿಯಾಗಿರಲಿಲ್ಲ. ಆ ವಿವರಣೆ ಇರುವುದು ಬೂಟಿಂಗ್ ಪುಟದಲ್ಲಿ. ಫ್ಲ್ಯಾಗ್ಸ್‌ನ 3ನೇ ಬಿಟ್ ಕೂಡ ಹಾಗೇ. ಅದು 1 ಇದ್ದರೆ ಇಮೇಜನ್ನು 2 ಎಂಬಿ ಗಡಿಗೆ ಹೊಂದುವ ಯಾವ ಮೆಮೊರಿ ಜಾಗದಲ್ಲಾದರೂ ಇಡಬಹುದು. ಇಲ್ಲದಿದ್ದರೆ ರಾಮ್ ಶುರುವಾಗುವ ಕಡೆಗೆ ಆದಷ್ಟು ಹತ್ತಿರ ಇಡಬೇಕು. ಹೊಸ ಬೋರ್ಡ್ ತರುವವರಿಗೆ ‘ನಾನು ಲೋಡ್ ಮಾಡಿದ ಅಡ್ರೆಸ್ ಬಿಟ್ಟು ಕರ್ನಲ್ ಬೇರೆ ಕಡೆ ಯಾಕೆ ಹೋಯಿತು’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಆ ಒಂದು ಬಿಟ್‌ನಲ್ಲಿದೆ.

ಬೇರೆ ಪ್ರಾಜೆಕ್ಟ್‌ನ ಪಾತ್ ಬರೆಯುವಾಗ ನಾನು ಪಾಲಿಸಿದ ನಿಯಮ ಒಂದೇ. ಯಾವ ಪ್ರಾಜೆಕ್ಟ್ ಅನ್ನುವುದು ಅದೇ ವಾಕ್ಯದಲ್ಲಿ ಇರಬೇಕು. ಮೇಲಿನ ಸಾಲಲ್ಲಿ ‘ಲಿನಕ್ಸ್ ಕರ್ನಲ್‌ನ’ ಅಂತ ಇದ್ದದ್ದರಿಂದ ಪಾತ್ ಬದಲಾಗಿದ್ದರೂ ಹುಡುಕಲು ದಾರಿ ಇತ್ತು. ಬೋರ್ಡ್ ಕಿಟ್‌ನ ಪ್ಯಾಚ್‌ಗಳಲ್ಲಿ ಬರೀ ‘ಡಾಕ್ಯುಮೆಂಟೇಶನ್/ಡಿವೈಸ್‌ಟ್ರೀ/ಬೈಂಡಿಂಗ್ಸ್’ ಅಂತ ಬರೆದವಿದ್ದವು. ಲಿನಕ್ಸ್‌ನಿಂದ ಡ್ರೈವರ್ ನಕಲು ಮಾಡುವಾಗ ಕಾಮೆಂಟ್ ಕೂಡ ಹಾಗೇ ಬಂದಿದೆ. ಯು-ಬೂಟ್‌ನಲ್ಲಿ ಆ ಹೆಸರಿನ ಫೋಲ್ಡರೇ ಇಲ್ಲ. ಇತ್ತೀಚಿನ ಸೋರ್ಸ್‌ನಲ್ಲಿ ಅದೇ ಬೈಂಡಿಂಗ್‌ಗಳು (ಡಿವೈಸ್ ಟ್ರೀಯಲ್ಲಿ ಒಂದೊಂದು ಹಾರ್ಡ್‌ವೇರನ್ನು ಹೇಗೆ ಬರೆಯಬೇಕು ಅನ್ನುವ ವಿವರಗಳು) ‘ಡಿಟಿಎಸ್/ಅಪ್‌ಸ್ಟ್ರೀಮ್/ಬೈಂಡಿಂಗ್ಸ್’ ಒಳಗೆ ಬಂದಿವೆ. ಹೆಚ್ಚಿನವು ಈಗ ಯಾಮಲ್ ಫೈಲ್‌ಗಳು. ಹಾಗಾಗಿ ಅವನ್ನೆಲ್ಲ ಅಲ್ಲಿಗೆ ತಿರುಗಿಸಿದೆ. ಇನ್ನೊಂದು ಸೋರ್ಸ್ ಇಳಿಸಿಕೊಳ್ಳುವ ಅಗತ್ಯವೇ ಇಲ್ಲ.

ಸಹಿ ಮಾಡಿದ ಇಮೇಜ್‌ನ ವಿಷಯ

ಫಿಟ್ ಇಮೇಜ್‌ಗೆ ಸಹಿ ಹಾಕುವ ಬರಹ ಮೊದಲು ‘ಡಾಕ್/ಯುಇಮೇಜ್.ಫಿಟ್/ಸಿಗ್ನೇಚರ್.ಟಿಎಕ್ಸ್‌ಟಿ’ ಆಗಿತ್ತು. ಈಗ ‘ಡಾಕ್/ಯೂಸೇಜ್/ಫಿಟ್/ಸಿಗ್ನೇಚರ್.ಆರ್‌ಎಸ್‌ಟಿ’. ನಮ್ಮ ಬ್ರಾಂಚ್‌ನ ಬೋರ್ಡ್ ಕೆಕಾನ್ಫಿಗ್‌ನಲ್ಲಿ, ಸಹಿ ಪರೀಕ್ಷೆಯ ಆಯ್ಕೆಯ ಸಹಾಯ ಪಠ್ಯದಲ್ಲಿ, ಹಳೇ ಪಾತ್ ಉಳಿದಿತ್ತು. ಮೆನುಕಾನ್ಫಿಗ್‌ನಲ್ಲಿ ಸಹಾಯದ ಗುಂಡಿ ಒತ್ತಿದವರಿಗೆ ಕಾಣುವುದು ಅದೇ ಪಠ್ಯ.

ಈ ಪುಟ ಸಿಗದಿದ್ದರೆ ಏನಾಗುತ್ತದೆ ನೋಡಿ. ಫಿಟ್‌ನಲ್ಲಿ ಎರಡು ಥರ ಸಹಿ ಹಾಕಬಹುದು. ಕರ್ನಲ್, ಡಿವೈಸ್ ಟ್ರೀ, ರಾಮ್‌ಡಿಸ್ಕ್ ಒಂದೊಂದಕ್ಕೂ ಬೇರೆ ಬೇರೆ ಸಹಿ ಹಾಕುವುದು ಒಂದು. ಯಾವ ಕರ್ನಲ್ ಜೊತೆ ಯಾವ ಡಿವೈಸ್ ಟ್ರೀ ಅಂತ ಹೇಳುವ ಕಾನ್ಫಿಗರೇಶನ್‌ಗೆ ಸಹಿ ಹಾಕುವುದು ಇನ್ನೊಂದು. ಮೊದಲನೆಯದು ಓದಲು ಸರಿಯಾಗೇ ಕಾಣುತ್ತದೆ. ಎಲ್ಲಕ್ಕೂ ಸಹಿ ಇದೆಯಲ್ವಾ, ಇನ್ನೇನು ಬೇಕು ಅನ್ನಿಸುತ್ತದೆ. ಆದರೆ ಇಮೇಜ್‌ಗಳಿಗೆ ಮಾತ್ರ ಸಹಿ ಇದ್ದರೆ, ಒಬ್ಬರು ಸಹಿ ಇರುವ ಅದೇ ತುಂಡುಗಳನ್ನು ತೆಗೆದುಕೊಂಡು ಬೇರೆ ಥರ ಜೋಡಿಸಬಹುದು. ಹಳೇ ಬಿಡುಗಡೆಯ ಕರ್ನಲ್‌ಗೂ ಸಹಿ ಇರುತ್ತದೆ. ಅದನ್ನು ಹೊಸ ಫಿಟ್ ಒಳಗೆ ತುರುಕಬಹುದು. ಒಂದೊಂದು ತುಂಡಿನ ಸಹಿಯೂ ಸರಿ, ಒಟ್ಟು ಜೋಡಣೆ ಮಾತ್ರ ನೀವು ಕಳಿಸಿದ್ದಲ್ಲ. ಈ ಎರಡೂ ದಾಳಿಗಳನ್ನು ಹೆಸರಿಟ್ಟು ವಿವರಿಸಿರುವುದು ಸಿಗ್ನೇಚರ್ ಪುಟದಲ್ಲೇ. ಪಬ್ಲಿಕ್ ಕೀಯನ್ನು ಯು-ಬೂಟ್‌ನ ಸ್ವಂತ ಡಿವೈಸ್ ಟ್ರೀಗೆ ಸೇರಿಸುವಾಗ ಅದನ್ನು ‘ರಿಕ್ವೈರ್ಡ್’ ಅಂತ ಗುರುತು ಮಾಡಬೇಕು ಅನ್ನುವುದೂ ಅಲ್ಲೇ ಇದೆ. ಫಿಟ್ ತಯಾರಿಸಿ ಸಹಿ ಹಾಕುವ ಉಪಕರಣವಾದ ಎಂಕೆಇಮೇಜ್‌ಗೆ ಆರ್ ಆಯ್ಕೆ ಕೊಡದಿದ್ದರೆ ಆ ಗುರುತು ಬೀಳುವುದಿಲ್ಲ. ಗುರುತು ಇಲ್ಲದ ಕೀ ಇದ್ದರೆ, ಸಹಿಯೇ ಇಲ್ಲದ ಇಮೇಜನ್ನು ಯು-ಬೂಟ್ ತಡೆಯುವುದಿಲ್ಲ.

ಒಂದು ಉತ್ಪನ್ನಕ್ಕೆ ಸೆಕ್ಯೂರ್ ಬೂಟ್ ಮಾಡುತ್ತಿರುವ ಎಂಜಿನಿಯರ್ ಈ ಪುಟ ಓದದೆ ಮುಂದೆ ಹೋಗಬಾರದು. ಹಾಗಾಗಿ ಇಡೀ ಕೆಲಸದಲ್ಲಿ ನಾನು ಮೊದಲು ಸರಿ ಮಾಡಿದ್ದು ಇದನ್ನೇ. ಸಹಾಯ ಪಠ್ಯದಲ್ಲಿ ಪಾತ್ ಜೊತೆಗೆ ‘ಕಾನ್ಫಿಗರೇಶನ್‌ಗೇ ಸಹಿ ಹಾಕಿ’ ಅಂತ ಒಂದು ಸಾಲನ್ನೂ ಸೇರಿಸಿದೆ. ಮುಂದೆ ಎಂದಾದರೂ ಪಾತ್ ಮತ್ತೆ ಬದಲಾದರೂ ಮುಖ್ಯವಾದ ಮಾತು ಅಲ್ಲೇ ಇರುತ್ತದೆ.

ಮುಟ್ಟದೆ ಬಿಟ್ಟವು

‘ಡಿಟಿಎಸ್/ಅಪ್‌ಸ್ಟ್ರೀಮ್’ ಒಳಗೆ ಹಳೇ ಪಾತ್ ಕಂಡರೂ ಮುಟ್ಟಲಿಲ್ಲ. ಅದು ಹೊರಗಿನಿಂದ ಗಿಟ್ ಸಬ್‌ಟ್ರೀ ಮೂಲಕ ಬರುವ ಭಾಗ. ನಾವು ಇಲ್ಲಿ ತಿದ್ದಿದರೆ ಮುಂದಿನ ಸಲ ತರುವಾಗ ಗೋಜಲು. ತಿದ್ದುವುದಾದರೆ ಲಿನಕ್ಸ್‌ನಲ್ಲೇ ತಿದ್ದಬೇಕು. ಕೆಕಾನ್ಫಿಗ್ ಉಪಕರಣ, ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಇವೂ ಲಿನಕ್ಸ್‌ನಿಂದ ಬಂದವು. ಅವಕ್ಕೂ ಅದೇ ಮಾತು.

ಬೈನರಿ ಬದಲಾಗಿಲ್ಲ ಅಂತ ತೋರಿಸುವುದು

ಕಾಮೆಂಟ್ ಮಾತ್ರ ಬದಲಿಸಿದ್ದೇನೆ ಅಂತ ಬಾಯಲ್ಲಿ ಹೇಳಿದರೆ ಸಾಲದು. ಬೂಟ್‌ಲೋಡರ್ ಅಲ್ವಾ, ಒಂದು ಬೈಟ್ ಆಚೀಚೆ ಆದರೂ ಕೇಳುವ ಹಕ್ಕು ಪರಿಶೀಲಿಸುವವರಿಗೆ ಇದೆ. ಬದಲಿಸುವ ಮೊದಲು ಒಂದು ಬಿಲ್ಡ್, ಆಮೇಲೆ ಒಂದು ಬಿಲ್ಡ್ ಮಾಡಿ, ಎರಡರ ಶಾ256 (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ) ಹೋಲಿಸಬೇಕು.

ಆದರೆ ಹಾಗೇ ಬಿಲ್ಡ್ ಮಾಡಿದರೆ ಎರಡೂ ಒಂದೇ ಬರುವುದಿಲ್ಲ. ಯು-ಬೂಟ್ ತನ್ನೊಳಗೆ ಬಿಲ್ಡ್ ಆದ ಸಮಯ ಬರೆದುಕೊಳ್ಳುತ್ತದೆ. ಬೋರ್ಡ್ ಎದ್ದಾಗ ಮೊದಲ ಸಾಲಲ್ಲಿ ಕಾಣುವುದು ಅದೇ. ಸೋರ್ಸ್ ಡೇಟ್ ಎಪೋಕ್ ಅನ್ನುವ ವೇರಿಯಬಲ್‌ಗೆ ಒಂದೇ ಬೆಲೆ ಕೊಟ್ಟರೆ ಸಮಯ ನಿಲ್ಲುತ್ತದೆ. ಇನ್ನೊಂದು, ಆವೃತ್ತಿಯ ಹೆಸರಿಗೆ ಗಿಟ್ ಕಮಿಟ್‌ನ ಹ್ಯಾಶ್ ಸೇರಿಕೊಳ್ಳುತ್ತದೆ. ಹೊಸ ಕಮಿಟ್ ಅಂದರೆ ಹೊಸ ಹ್ಯಾಶ್. ಲೋಕಲ್‌ವರ್ಷನ್ ಆಟೋ ಆಯ್ಕೆ ತೆಗೆದರೆ ಅದೂ ನಿಲ್ಲುತ್ತದೆ. ಮೂರನೆಯದು ಸುಲಭಕ್ಕೆ ಹೊಳೆಯುವುದಿಲ್ಲ. ಕಾಮೆಂಟ್‌ನಲ್ಲಿ ಒಂದು ಸಾಲು ಹೆಚ್ಚಾದರೆ ಕೆಳಗಿನ ಕೋಡ್‌ನ ಸಾಲು ಸಂಖ್ಯೆಗಳೆಲ್ಲ ಬದಲಾಗುತ್ತವೆ. ಲಾಗ್ ಮತ್ತು ಅಸರ್ಟ್ ಮ್ಯಾಕ್ರೋಗಳು ಸಾಲು ಸಂಖ್ಯೆಯನ್ನು ಬಳಸುತ್ತವೆ. ಹಾಗಾಗಿ ಸಿ ಫೈಲ್‌ಗಳಲ್ಲಿ ಸಾಲುಗಳ ಸಂಖ್ಯೆ ಮೊದಲಿದ್ದಷ್ಟೇ ಇರುವ ಹಾಗೆ ಬರೆದೆ. ಹೊಸ ಪಾತ್ ಉದ್ದವಾಗಿ ಸಾಲು ಮುರಿಯಬೇಕಾದ ಕಡೆ, ವಾಕ್ಯವನ್ನೇ ಚಿಕ್ಕದು ಮಾಡಿದೆ. ಹೋಲಿಸುವುದು ಡೀಬಗ್ ಮಾಹಿತಿ ಇರುವ ಎಲ್ಫ್ ಫೈಲನ್ನಲ್ಲ, ಬಿನ್ ಫೈಲನ್ನು.

ಹೀಗೆ ಮಾಡಿದ ಮೇಲೆ ನಮ್ಮ ಬೋರ್ಡ್‌ನ ಬಿಲ್ಡ್, ಪಿಸಿಯಲ್ಲೇ ಓಡುವ ಸ್ಯಾಂಡ್‌ಬಾಕ್ಸ್ ಬಿಲ್ಡ್ ಎರಡರಲ್ಲೂ ಶಾ256 ಅಕ್ಷರಕ್ಕೆ ಅಕ್ಷರ ಹೊಂದಿತು. ಕಮಾಂಡ್‌ನ ಸಹಾಯ ಪಠ್ಯದೊಳಗೆ ಇದ್ದ ಪಾತ್‌ಗಳನ್ನು ಮಾತ್ರ ಬೇರೆ ಪ್ಯಾಚ್‌ಗೆ ಹಾಕಿದೆ, ಅವು ಸ್ಟ್ರಿಂಗ್ ಆಗಿ ಬೈನರಿಗೆ ಹೋಗುತ್ತವೆ.

ಆರ್‌ಎಸ್‌ಟಿ ಫೈಲ್‌ಗಳಲ್ಲಿದ್ದ ಬರೀ ಪಾತ್‌ಗಳನ್ನು ಸ್ಫಿಂಕ್ಸ್‌ನ ಡಾಕ್ ಲಿಂಕ್ ಆಗಿ ಬದಲಿಸಿದೆ. ‘ಮೇಕ್ ಎಚ್‌ಟಿಎಂಎಲ್‌ಡಾಕ್ಸ್’ ಓಡಿಸಿ ಎಚ್ಚರಿಕೆ ಏನೂ ಇಲ್ಲ ಅಂತ ನೋಡಿದೆ. ಇನ್ನು ಮುಂದೆ ಆ ಪುಟಗಳನ್ನು ಯಾರೇ ಬೇರೆ ಕಡೆ ಇಟ್ಟರೂ ಅವರಿಗೆ ಅಲ್ಲೇ ಗೊತ್ತಾಗುತ್ತದೆ.

ಪ್ಯಾಚ್ ಜೋಡಿಸಿದ್ದು

ಎಲ್ಲವನ್ನೂ ಒಂದೇ ಪ್ಯಾಚ್ ಮಾಡಿದರೆ, ಪ್ಯಾಚ್ ಯಾರಿಗೆ ಕಳಿಸಬೇಕು ಅಂತ ಹೇಳುವ ಗೆಟ್-ಮೇಂಟೇನರ್ ಸ್ಕ್ರಿಪ್ಟ್ ಉದ್ದನೆಯ ಹೆಸರುಗಳ ಪಟ್ಟಿ ಕೊಡುತ್ತದೆ. ಯಾರ ಜವಾಬ್ದಾರಿ ಯಾವುದು ಅಂತ ಯಾರಿಗೂ ಸ್ಪಷ್ಟವಾಗುವುದಿಲ್ಲ. ಹಾಗಾಗಿ ವಿಷಯದ ಪ್ರಕಾರ ಒಡೆದೆ: ಫಿಟ್ ಒಂದು, ಡ್ರೈವರ್ ಮಾಡೆಲ್ ಒಂದು, ಆರ್ಮ್ ಕಾಮೆಂಟ್ ಒಂದು, ಹೀಗೆ. ಪ್ರತಿ ಕಮಿಟ್ ಸಂದೇಶದಲ್ಲೂ ಆ ಫೈಲನ್ನು ಹೊಸ ಜಾಗಕ್ಕೆ ಒಯ್ದ ಕಮಿಟ್‌ನ ಹ್ಯಾಶ್‌ನ ಮೊದಲ 12 ಅಕ್ಷರ, ಅದರ ಶೀರ್ಷಿಕೆ ಎರಡನ್ನೂ ಬರೆದೆ. ಪರಿಶೀಲಿಸುವವರು ನನ್ನ ಮಾತನ್ನು ನಂಬಬೇಕಾಗಿಲ್ಲ, ಆ ಕಮಿಟ್ ತೆರೆದು ತಾವೇ ನೋಡಬಹುದು.

ಮೂಲ ಪ್ರಾಜೆಕ್ಟ್‌ಗೆ ಸೇರಬೇಕಾದ ಪ್ಯಾಚ್‌ಗಳನ್ನು ಅಲ್ಲಿಗೆ ಕಳಿಸಿದ್ದೇನೆ. ಯು-ಬೂಟ್ ಮೂರು ತಿಂಗಳಿಗೊಮ್ಮೆ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಬಿಡುಗಡೆ ಆಗುತ್ತದೆ. ನಮ್ಮ ಬ್ರಾಂಚ್‌ನವು ಆಗಲೇ ಸೇರಿವೆ. ಹುಡುಕುವ ಸ್ಕ್ರಿಪ್ಟನ್ನೂ ನಮ್ಮ ಬಿಲ್ಡ್ ಸರ್ವರ್‌ನಲ್ಲಿ ಹಾಕಿದ್ದೇನೆ. ಹೊಸ ಪ್ಯಾಚ್‌ನಲ್ಲಿ ಇಲ್ಲದ ಫೈಲ್‌ನ ಪಾತ್ ಇದ್ದರೆ, ಅಥವಾ ಯಾರಾದರೂ ಡಾಕ್ ಫೈಲ್ ಬೇರೆ ಕಡೆ ಇಟ್ಟು ಕಾಮೆಂಟ್ ಹಾಗೇ ಬಿಟ್ಟಿದ್ದರೆ, ಬಿಲ್ಡ್ ಅಲ್ಲೇ ನಿಲ್ಲುತ್ತದೆ, ಫೈಲ್ ಹೆಸರು ಮತ್ತು ಸಾಲು ಸಂಖ್ಯೆ ತೋರಿಸುತ್ತದೆ. ಬರೀ ‘ರೀಡ್‌ಮಿ ನೋಡಿ’ ಅಂತ ಬರೆದವನ್ನು ಅದು ಹಿಡಿಯುವುದಿಲ್ಲವಾದ್ದರಿಂದ, ಅಂಥ ಸಾಲು ಸೇರಿಸುವ ಪ್ಯಾಚ್ ಬಂದರೆ ಯಾವ ವಿಭಾಗ ಅಂತ ಹೆಸರಿಸಿ ಎಂದು ಪರಿಶೀಲನೆಯಲ್ಲೇ ಕೇಳುತ್ತಿದ್ದೇನೆ.